ಬಸವನಹುಳುವಿನ ಆಹಾರವೂ ಲೋಳೆಯೂ

ಮಳೆಗಾಲದಲ್ಲಿ ಬಸವನಹುಳು ಗೋಡೆಯ ಸುಣ್ಣವನ್ನು ಕೆರೆದು ತಿನ್ನುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಕಂಡಿರಬಹುದು. ಚಿಪ್ಪಿಗೂ ಲೋಳೆಗೂ ಬೇಕಾದ ಸುಣ್ಣವು ಅದಕ್ಕೆ ಆಹಾರದಿಂದಲೂ ಮಣ್ಣಿನಿಂದಲೂ ಒದಗಬೇಕಷ್ಟೆ. ಲೋಳೆಯ ನೂರು ಪಾಲಿನಲ್ಲಿ 90ಕ್ಕೂ ಹೆಚ್ಚು ನೀರೇ. ಉಳಿದುದು ಸಸಾರಜನಕವೂ ಸಕ್ಕರೆಯೂ ಕೂಡಿದ ಅಂಟುದ್ರವ್ಯ ಮತ್ತು ಲವಣಗಳು. ಆಹಾರವು ಬೇರೆಯಾದಂತೆ ಈ ಅಲ್ಪಭಾಗದ ಹದವೂ ಬೇರೆಯಾಗುವುದು.

ಆಹಾರವು ಕೇಡನ್ನೂ ತರಬಲ್ಲುದು. 1847ರಲ್ಲಿ ಕಲ್ಕತ್ತೆಗೆ ತಂದ ಆಫ್ರಿಕದ ದೊಡ್ಡ ಬಸವನಹುಳು ಇಂದು ಕೊಡಗಿನ ಕಾಫಿ ತೋಟಗಳಲ್ಲಿಯೂ ಇದೆ. ಅದು ಇಲಿಯ ಹಿಕ್ಕೆಯನ್ನು ತಿಂದರೆ, ಮನುಷ್ಯನ ಮಿದುಳಿನ ಪೊರೆಗೆ ಬಾವು ತರುವ ಜಂತುಮರಿಗಳು ಅದರ ಮೈ ಸೇರಬಹುದು. ಲೋಳೆಯಲ್ಲಿಯೂ ಕೆಲವು ಇರಬಹುದು. ಆದುದರಿಂದ ಮುಖಕಾಂತಿಗೆಂದು ತೋಟದ ಹುಳುವಿನ ಲೋಳೆಯನ್ನು ಹಚ್ಚಬಾರದೆಂದೂ, ಅದನ್ನು ಮುಟ್ಟಿದ ಮಕ್ಕಳ ಕೈಗಳನ್ನು ಸಾಬೂನಿನಿಂದ ತೊಳೆಯಿಸಬೇಕೆಂದೂ ತಾಯಂದಿರಲ್ಲಿ ನಾವು ವಿಜ್ಞಾಪಿಸುತ್ತೇವೆ.