ಮಾಯದ ಗಾಯದ ಇಲಿ

ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಕಾಲಿನ ಗಾಯವೆಂದರೆ ಎಲ್ಲರಿಗೂ ದಿಗಿಲು. ಚಪ್ಪಲಿ ಕಚ್ಚಿದ ಸಣ್ಣ ಹುಣ್ಣು ತಿಂಗಳಾದರೂ ಮಾಯದೆ, ಕೊನೆಗೆ ಬೆರಳನ್ನೇ ತೆಗೆಸಬೇಕಾಗಿ ಬಂದವರು ನಮ್ಮ ನಡುವೆಯೇ ಇದ್ದಾರೆ. ಅಂಥ ಗಾಯಕ್ಕೆ ಹಚ್ಚುವ ಜೆಲ್ ಮನುಷ್ಯರನ್ನು ತಲುಪುವ ಮೊದಲು ಇಲಿಯ ಬೆನ್ನ ಮೇಲೆ ಪರೀಕ್ಷೆಗೆ ಕೂರುತ್ತದೆ.

ಆ ಇಲಿ ಸಾಮಾನ್ಯದ್ದಲ್ಲ. ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಲ್ಯಾಬೊರೇಟರಿಯ ವಿಜ್ಞಾನಿಗಳು 1966ರಲ್ಲಿ ವರದಿ ಮಾಡಿದ ತಳಿಯದು, ಹೆಸರು ಡಿಬಿ/ಡಿಬಿ. 'ಹೊಟ್ಟೆ ತುಂಬಿತು' ಎಂದು ಹೇಳುವ ಲೆಪ್ಟಿನ್ ಹಾರ್ಮೋನಿನ ಮಾತು ಅದರ ಮೈಗೆ ಕೇಳಿಸುವುದೇ ಇಲ್ಲ. ತಿನ್ನುತ್ತಲೇ ಇರುತ್ತದೆ, ಉಂಡೆಯಂತೆ ದಪ್ಪಗಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಗಾಯ ಬೇಗ ಮಾಯುವುದಿಲ್ಲ.

ಅರಿವಳಿಕೆ ಕೊಟ್ಟು, ಬೆನ್ನಿನ ಕೂದಲು ಬೋಳಿಸಿ, ಪಂಚ್‌ನಿಂದ 6 ಮಿಲಿಮೀಟರ್ ಅಗಲದ ದುಂಡು ಗಾಯ ಮಾಡುತ್ತಾರೆ. ನೋವು ಕಡಿಮೆ ಮಾಡುವ ಮದ್ದು ಕೊಡಲೇಬೇಕು. ನಮ್ಮ ದೇಶದಲ್ಲಿ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಈ ಕಟ್ಟುಪಾಡು ಸಡಿಲವಾಗಬಾರದು.

ತೊಡಕು ಇರುವುದು ಇಲಿಯ ಚರ್ಮದಲ್ಲಿ. ಅದರಡಿಯ ತೆಳು ಸ್ನಾಯುಪದರ, ದಾರ ಎಳೆದ ಚೀಲದ ಬಾಯಿಯಂತೆ, ಗಾಯವನ್ನು ಸೆಳೆದು ಮುಚ್ಚಿಬಿಡುತ್ತದೆ. ಮನುಷ್ಯನ ಪಾದದ ಹುಣ್ಣು ಬಹುಪಾಲು ತಳದಿಂದ ಹೊಸ ಮಾಂಸ ತುಂಬಿಕೊಂಡು, ಅಂಚಿನಿಂದ ಚರ್ಮ ಹಬ್ಬಿ ಮಾಯಬೇಕು. ಅದಕ್ಕೇ ಗಾಯದ ಸುತ್ತ ಪುಟ್ಟ ಸಿಲಿಕೋನ್ ಬಳೆಯೊಂದನ್ನು ಅಂಟಿಸಿ, ಹೊಲಿಗೆ ಹಾಕುತ್ತಾರೆ. ಬಳೆ ಅಲುಗದಿದ್ದರೆ ಚರ್ಮ ಸೆಳೆಯಲಾಗದು. ಗಾಯ ನಮ್ಮ ಗಾಯದ ಹಾಗೆಯೇ ತುಂಬಿಕೊಳ್ಳಬೇಕಾಗುತ್ತದೆ. ಈ ಕಸುಬಿನಲ್ಲಿ ನನಗೆ ಬಹಳ ಹಿಡಿಸಿದ್ದು ಈ ಬಳೆಯೇ.

ಒಂದು ಗುಂಪಿಗೆ ಮದ್ದಿರುವ ಜೆಲ್, ಇನ್ನೊಂದಕ್ಕೆ ಬರೀ ಜೆಲ್. ಗಾಯವನ್ನು ಒದ್ದೆಯಾಗಿಟ್ಟರೆ ಸಾಕು, ಅಷ್ಟಕ್ಕೇ ಒಂದಿಷ್ಟು ಮಾಯುವುದುಂಟು. ಆ ಪಾಲನ್ನು ಕಳೆಯದೆ ಮದ್ದಿನ ಗುಣ ಹೇಳಲಾಗದು.

ಇಲಿಯಿಂದ ಮನುಷ್ಯರಿಗೆ ದಾಟಿ ಬಂದದ್ದು ಬೆಕಾಪ್ಲರ್ಮಿನ್ ಜೆಲ್. ರಕ್ತದ ಪ್ಲೇಟ್‌ಲೆಟ್‌ಗಳು ಸುರಿಸುವ ಬೆಳವಣಿಗೆ ಪ್ರೋಟೀನನ್ನು ಬೆರೆಸಿದ ಜೆಲ್ ಇದು. ಆ ಪ್ರೋಟೀನು ಡಿಬಿ/ಡಿಬಿ ಇಲಿಗಳ ಗಾಯ ಮಾಯಿಸುತ್ತದೆಂದು 1990ರಲ್ಲಿ ಪ್ರಕಟವಾಯಿತು. 1997ರಲ್ಲಿ ಅಮೆರಿಕದಲ್ಲಿ ಜೆಲ್‌ಗೆ ಒಪ್ಪಿಗೆ ಸಿಕ್ಕಿತು. 382 ರೋಗಿಗಳ ಪರೀಕ್ಷೆಯಲ್ಲಿ ಹೆಚ್ಚು ಪ್ರಮಾಣದ ಮದ್ದಿದ್ದ ಜೆಲ್ ಹಚ್ಚಿದ ನೂರಕ್ಕೆ 50 ಮಂದಿಯ ಹುಣ್ಣು ಪೂರ್ತಿ ಮಾಯಿತು. ಬರೀ ಜೆಲ್ ಹಚ್ಚಿದವರಲ್ಲಿ 35. ಕ್ಯಾನ್ಸರ್ ಸಾವಿನ ಅನುಮಾನದಿಂದ 2008ರಲ್ಲಿ ಸೇರಿಸಿದ್ದ ಕಟ್ಟೆಚ್ಚರಿಕೆಯನ್ನು 2018ರಲ್ಲಿ ತೆಗೆದರು.

ಆದರೆ ಇಲಿಯ ಗಾಯ ನಿನ್ನೆ ಮೊನ್ನೆಯದು, ಚೊಕ್ಕಟ. ರೋಗಿಯದು ತಿಂಗಳುಗಟ್ಟಲೆ ಹಳತು, ಅಂಚಿನಲ್ಲಿ ಸತ್ತ ಮಾಂಸ. ಅದನ್ನು ಆಗಾಗ ಕತ್ತರಿಸಿ ತೆಗೆಯುತ್ತಿದ್ದ ಚಿಕಿತ್ಸಾ ಕೇಂದ್ರಗಳಲ್ಲೇ ಈ ಜೆಲ್ ಹೆಚ್ಚು ಫಲ ಕೊಟ್ಟದ್ದು.