ಕಾರಣ ಹೇಳದ ಜಗಳ

ದಸರಾ ರಜೆಗೆ ಧಾರವಾಡದಿಂದ ಹಳಿಯಾಳಕ್ಕೆ ಬಂದಿದ್ದ ಮಗಳು, "ಅವ್ವಾ, ಪತ್ರಕರ್ತರ ಮ್ಯಾಲೊಂದು ಯುದ್ಧದ ಸಿನಿಮಾ ಐತಿ, ನೋಡೂಣ ಬಾ" ಅಂದಳು. ಅವಳು ಓದುತ್ತಿರುವುದು ಪತ್ರಿಕೋದ್ಯಮ. ನಾಳೆ ಇವಳ ಕೆಲಸ ಎಂಥದ್ದೋ ನೋಡೇಬಿಡೋಣ ಅಂತ ಒಲೆ ಆರಿಸಿ ಟಿ.ವಿ. ಮುಂದೆ ಕೂತೆ.

ಚಿತ್ರದ ಹೆಸರು 'ಸಿವಿಲ್ ವಾರ್'. ಅಲೆಕ್ಸ್ ಗಾರ್ಲೆಂಡ್ ಬರೆದು ನಿರ್ದೇಶಿಸಿ, 2024ರಲ್ಲಿ ತೆರೆ ಕಂಡದ್ದು. ಅಮೆರಿಕದ ಒಳಗೇ ಯುದ್ಧ ಹೊತ್ತಿಕೊಂಡಿದೆ ಎಂಬ ಕಲ್ಪನೆಯ ಕಥೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾ ರಾಜ್ಯಗಳು ಒಂದಾಗಿ ಅಧ್ಯಕ್ಷನ ವಿರುದ್ಧ ನಿಂತಿವೆ. ನಾಲ್ವರು ಪತ್ರಕರ್ತರು ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಕಾರಿನಲ್ಲಿ ಹೊರಡುತ್ತಾರೆ. ಅವರಲ್ಲಿ ಕ್ಯಾಮೆರಾ ಹಿಡಿದು ಪಳಗಿದ ಲೀ ಒಬ್ಬಳು, ಅವಳಂತಾಗಬೇಕೆಂಬ ಎಳೆಯ ಹುಡುಗಿ ಜೆಸ್ಸಿ ಇನ್ನೊಬ್ಬಳು. ಲೀ ಪಾತ್ರದಲ್ಲಿ ಕರ್ಸ್ಟನ್ ಡನ್ಸ್ಟ್ ಚೆನ್ನಾಗಿಯೇ ಮಾಡಿದ್ದಾಳೆ.

ಆದರೂ ನನಗೆ ನಿರಾಸೆಯಾಯಿತು. ನಮ್ಮ ಓಣಿಯಲ್ಲಿ ಅಣ್ಣತಮ್ಮಂದಿರು ಹೊಲದ ಪಾಲಿಗೆ ಜಗಳಾಡಿದರೂ ನಾವು ಮೊದಲು ಕೇಳುವುದು "ಯಾತಕ್ಕಂತೆ?" ಎಂದು. ಇಲ್ಲಿ ಇಡೀ ದೇಶ ಹೊಡೆದಾಡುತ್ತಿದ್ದರೂ ಅದಕ್ಕೆ ಉತ್ತರವಿಲ್ಲ. ಅಧ್ಯಕ್ಷ ಮೂರನೇ ಅವಧಿಗೂ ಕುರ್ಚಿ ಬಿಟ್ಟಿಲ್ಲ ಎಂಬಂಥ ಒಂದೆರಡು ಸುಳಿವು, ಅಷ್ಟೇ.

ಪೆಟ್ರೋಲ್ ಬಂಕಿನಲ್ಲಿ 300 ಡಾಲರ್ ಕೊಡಹೋದರೆ, ಅಷ್ಟಕ್ಕೆ ಒಂದು ಸ್ಯಾಂಡ್‌ವಿಚ್ ಸಿಕ್ಕೀತು ಅನ್ನುತ್ತಾರೆ. ಕೆನಡಾದ ಡಾಲರ್ ಎಂದ ಮೇಲೆ ಒಪ್ಪುತ್ತಾರೆ. ಆ ಒಂದು ಮಾತಿನಲ್ಲಿ ನನಗೆ ಯುದ್ಧ ಕಂಡಿತು. ಆದರೆ ಅಂಥ ದುಡ್ಡಿನಲ್ಲಿ ಮನೆ ತೂಗಿಸುವ ಹೆಂಗಸು ಎಲ್ಲಿ? ನಿರಾಶ್ರಿತರ ಶಿಬಿರದಲ್ಲಿ ಒಂದು ರಾತ್ರಿ ತಂಗುತ್ತಾರೆ. ಅಲ್ಲಿಯ ತಾಯಂದಿರ ಕಥೆಯನ್ನು ಯಾರೂ ಕೇಳುವುದಿಲ್ಲ.

"ಫೋಟೊ ತೆಗಿಯೋದಷ್ಟ ಅವರ ಕೆಲಸ ಅವ್ವಾ, ಪ್ರಶ್ನೆ ಕೇಳೋದು ನೋಡಿದವರ ಕೆಲಸ" ಅಂದಳು ಮಗಳು. ಚಿತ್ರದಲ್ಲಿ ಲೀ ಹೇಳುವುದೂ ಹೆಚ್ಚುಕಡಿಮೆ ಅದೇ. ಕೊನೆಗೆ ಜೆಸ್ಸಿಯನ್ನು ಉಳಿಸಲು ಹೋಗಿ ಲೀ ಗುಂಡೇಟಿಗೆ ಬೀಳುತ್ತಾಳೆ. ಆ ಹುಡುಗಿ ಅದನ್ನೂ ಫೋಟೊ ತೆಗೆಯುತ್ತಾಳೆ!

"ನೀ ಆಗಿದ್ರ ಏನ್ ಮಾಡ್ತಿದ್ದಿ?" ಎಂದೆ. ಮಗಳು ಮಾತಾಡಲಿಲ್ಲ.

ಆ ರಾತ್ರಿ ನನಗೆ ನಮ್ಮ ಮುಂಡಗೋಡ ನೆನಪಾಯಿತು. ದೇಶ ಬಿಟ್ಟು ಬಂದ ಟಿಬೆಟಿಯನ್ನರು 1966ರಿಂದ ಅಲ್ಲಿ ನೆಲೆಸಿದ್ದಾರೆ. ಚಳಿಗಾಲದಲ್ಲಿ ಸ್ವೆಟರ್ ಮಾರುವ ಅವರ ಹೆಂಗಸರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಿದ್ದೇನೆಯೇ ಹೊರತು, "ಅಲ್ಲಿಂದ ಏನು ತಂದಿರಿ, ಏನು ಬಿಟ್ಟು ಬಂದಿರಿ?" ಎಂದು ಒಂದು ದಿನವೂ ಕೇಳಿಲ್ಲ. ಸಿನಿಮಾದ ತಪ್ಪು ನನ್ನದೂ ಹೌದಲ್ಲ!

ಬೆಳಿಗ್ಗೆ ಚಹಾ ಕೊಡುತ್ತಾ ಮಗಳಿಗೆ ಹೇಳಿದೆ: "ಕ್ಯಾಮೆರಾ ಹಿಡಿ, ಬ್ಯಾಡ ಅನ್ನಂಗಿಲ್ಲ. ಆದರ ಮೊದಲ ಅವರ ಕಟ್ಟಿ ಮ್ಯಾಲ ಕೂತು ಮಾತಾಡಸು."