ವಿದ್ಯಾರ್ಥಿಗಳ ಅಭಿಪ್ರಾಯವೂ ಬೋಧನೆಯ ಸಂಸ್ಕಾರವೂ

ಪಾಠ ಹೇಳುವವರ ಯೋಗ್ಯತೆಯನ್ನು ಪಾಠ ಕೇಳುವವರು ಅಳೆಯಬಹುದೆ ಎಂಬ ಪ್ರಶ್ನೆಯು ವಿಶ್ವವಿದ್ಯಾನಿಲಯಗಳಲ್ಲಿ ಹೊಸದೇನೂ ಅಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರಾದ ಹರ್ಮನ್ ರೆಮರ್ಸ್ ಎಂಬವರು 1927ರಲ್ಲಿ, ಸಹೋದ್ಯೋಗಿಯೊಬ್ಬರೊಡಗೂಡಿ, ಇದಕ್ಕೆಂದೇ ಒಂದು ಅಳತೆಯ ಪಟ್ಟಿಯನ್ನು ಪ್ರಕಟಿಸಿದರು. ಭಾರತದಲ್ಲಿ, 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲಸಿರುವ ನ್ಯಾಕ್ ಸಂಸ್ಥೆಯು, 2017ರಲ್ಲಿ ತನ್ನ ಮೌಲ್ಯನಿರ್ಣಯದ ಕ್ರಮಕ್ಕೆ ವಿದ್ಯಾರ್ಥಿಗಳ ತೃಪ್ತಿಯ ಸಮೀಕ್ಷೆಯನ್ನೂ ಸೇರಿಸಿತು. ಅಭಿಪ್ರಾಯಸಂಗ್ರಹವು ಹೀಗೆ ರೂಢಿಗೆ ಬಂದಿರುವುದಷ್ಟೆ. ಅದರಿಂದ ಬೋಧನೆಯು ತಿದ್ದಿಕೊಳ್ಳುವ ಬಗೆ ಯಾವುದೆಂಬುದು ವಿಚಾರಣೀಯವು.

ಮೊದಲು ವಿದ್ಯಾರ್ಥಿಯ ಸಾಕ್ಷ್ಯಕ್ಕಿರುವ ಮೇರೆಯನ್ನು ತಿಳಿಯಬೇಕು. 1973ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ನಟನೊಬ್ಬನು 'ಡಾಕ್ಟರ್ ಫಾಕ್ಸ್' ಎಂಬ ಹುಸಿಹೆಸರಿನಿಂದ ಹುರುಳಿಲ್ಲದ ಉಪನ್ಯಾಸವನ್ನು ಹಾಸ್ಯಬೆರಸಿ ಸೊಗಸಾಗಿ ಮಾಡಲು, ವಿದ್ಯಾವಂತರಾದ ಶ್ರೋತೃಗಳೇ ಅದನ್ನು ಮೆಚ್ಚಿದರು. 2019ರಲ್ಲಿ ಪ್ರಕಟವಾದ ಹಾರ್ವರ್ಡಿನ ಭೌತಶಾಸ್ತ್ರದ ತರಗತಿಗಳ ಪ್ರಯೋಗದಲ್ಲಿ, ತಾವೇ ಲೆಕ್ಕಗಳನ್ನು ಬಿಡಿಸುತ್ತ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕಗಳನ್ನು ಪಡೆದರೂ, ಉಪನ್ಯಾಸ ಕೇಳಿದವರಿಗಿಂತ ತಾವು ಕಲಿತುದು ಕಡಮೆಯೆಂದು ಭಾವಿಸಿದರು. ಆದುದರಿಂದ ಕಲಿಕೆಗೆ ಮೆಚ್ಚುಗೆಯೊಂದೇ ಪ್ರಮಾಣವಲ್ಲ. ಆದರೆ ಮಾತು ಕೊನೆಯ ಬೆಂಚಿಗೆ ಕೇಳಿಸಿತೆ, ಹಲಗೆಯ ಬರೆಹ ಕಾಣಿಸಿತೆ, ವಿವರಣೆಯ ಎಳೆ ಎಲ್ಲಿ ಕಡಿಯಿತು, ತಿದ್ದಿದ ಉತ್ತರಗಳು ಸಕಾಲದಲ್ಲಿ ಕೈಸೇರಿದುವೆ ಎಂಬಿವನ್ನು ವಿದ್ಯಾರ್ಥಿಯಷ್ಟು ಚೆನ್ನಾಗಿ ಬಲ್ಲವರಿಲ್ಲ.

ಎರಡನೆಯದು ಕಾಲ. ಪಾಠಗಳೆಲ್ಲ ಮುಗಿದಮೇಲೆ ಪಡೆದ ಅಭಿಪ್ರಾಯದಿಂದ, ಅದನ್ನು ಕೊಟ್ಟವರಿಗೆ ಯಾವ ಪ್ರಯೋಜನವೂ ಇಲ್ಲ. ಪೀಟರ್ ಕೋಹೆನ್ ಎಂಬವರು 1980ರಲ್ಲಿ 22 ಹೋಲಿಕೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ, ಅವಧಿಯ ನಡುವೆಯೇ ಅಭಿಪ್ರಾಯವನ್ನರಿತ ಅಧ್ಯಾಪಕರು ಕೊನೆಯಲ್ಲಿ ಉಳಿದವರಿಗಿಂತ ಹೆಚ್ಚಿನ ಮನ್ನಣೆಯನ್ನು ಪಡೆದರೆಂದೂ, ಬಲ್ಲವರೊಡನೆ ಸಮಾಲೋಚಿಸಿದಲ್ಲಿ ಆ ಲಾಭವು ಇನ್ನೂ ಹೆಚ್ಚಿತೆಂದೂ ತೋರಿಸಿದರು.

ಮೂರನೆಯದು ಭಯ. ಅಭಿಪ್ರಾಯವು ಅಧ್ಯಾಪಕರ ಬಡ್ತಿಯನ್ನು ನಿರ್ಣಯಿಸುವಂತಾದರೆ ಅಂಕಗಳನ್ನು ಸಡಿಲಿಸುವ ಆಸೆ ಹುಟ್ಟೀತು. ಬರೆದವರ ಗುರುತು ಸಿಕ್ಕುವಂತಾದರೆ ವಿದ್ಯಾರ್ಥಿಯು ನಿಜವನ್ನು ಬಚ್ಚಿಟ್ಟಾನು.

ಈ ಮೂರನ್ನೂ ಗಮನಿಸಿದರೆ ಸುಲಭವಾದ ಕ್ರಮವೊಂದು ತೋರುತ್ತದೆ. ಐದಾರು ವಾರಗಳ ಪಾಠವಾದಮೇಲೆ ಹೆಸರಿಲ್ಲದ ಚೀಟಿಗಳಲ್ಲಿ ಎರಡೇ ಪ್ರಶ್ನೆಗಳನ್ನು ಕೇಳತಕ್ಕುದು: ಕಲಿಕೆಗೆ ನೆರವಾಗುತ್ತಿರುವುದು ಯಾವುದು? ತೊಡಕಾಗುತ್ತಿರುವುದು ಯಾವುದು? ಅಧ್ಯಾಪಕರು ಉತ್ತರಗಳನ್ನು ವಿಂಗಡಿಸಿ, ಮುಂದಿನ ತರಗತಿಯಲ್ಲಿಯೇ, ಯಾವುದನ್ನು ಬದಲಿಸುವರು, ಯಾವುದನ್ನು ಏತಕ್ಕೆ ಬದಲಿಸಲಾರರು ಎಂಬುದನ್ನು ತಿಳಿಸಬೇಕು. ಈ ಮರುನುಡಿಯಿಲ್ಲದಿದ್ದರೆ, ಮುಂದಿನ ಸಲ ಚೀಟಿಗಳು ಬರಿದಾಗಿಯೇ ಹಿಂದಿರುಗುವುವು.